ಅನ್ಯವನ್ನು ಸೈರಿಸುವ ದೇಹ

1994ರ ಆಗಸ್ಟ್ 3ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಪಿ. ವೇಣುಗೋಪಾಲ್ ಅವರ ತಂಡವು ದೇಶದ ಮೊದಲ ಯಶಸ್ವಿ ಹೃದಯ ಕಸಿಯನ್ನು ನೆರವೇರಿಸಿತು. ಮಿದುಳಿನ ಮರಣವನ್ನು ಮರಣವೆಂದೇ ಮಾನ್ಯಮಾಡಿದ ಕಾಯ್ದೆಗೆ ಅಂಕಿತ ಬಿದ್ದು ಆಗಿನ್ನೂ ತಿಂಗಳು ತುಂಬಿರಲಿಲ್ಲ. ಕಡತಗಳ ನಡಿಗೆಯನ್ನು ದಿನವೂ ಕಾಣುವ ನಮಗೆ ಕಾಯ್ದೆಯ ಬೆನ್ನಿಗೇ ಕತ್ತರಿ ನಡೆದ ಈ ವೇಗವೇ ಒಂದು ಅಚ್ಚರಿ.

ಹೊಲಿಯುವ ಕೌಶಲವೇನೋ ಮೊದಲೇ ಇತ್ತು. 1967ರಲ್ಲಿ ಕೇಪ್‌ಟೌನ್‌ನಲ್ಲಿ ಬರ್ನಾರ್ಡ್ ಹೃದಯವನ್ನು ಕಸಿಮಾಡಿದ್ದರು. ರೋಗಿ ಬದುಕಿದ್ದು 18 ದಿನ. ಮರುವರ್ಷ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇನ್ ಕೈಹಾಕಿದರು, ಅವರ ರೋಗಿ ಕೆಲವೇ ಗಂಟೆ ಉಳಿದ. ಹೊಲಿಗೆ ಕೂಡಿದರೂ ದೇಹ ಕೂಡಿಸಿಕೊಳ್ಳಬೇಕಲ್ಲ! ಸುಶ್ರುತನ ಪರಂಪರೆಯ ಮೂಗು ಉಳಿದದ್ದು ಅದು ರೋಗಿಯದೇ ಚರ್ಮವಾದ್ದರಿಂದ.

ದೇಹವೇಕೆ ಅನ್ಯವನ್ನು ನೂಕುತ್ತದೆಂಬ ಪ್ರಶ್ನೆಯನ್ನು ಪೀಟರ್ ಮೆಡವಾರ್ ಎತ್ತಿಕೊಂಡದ್ದು ಎರಡನೆಯ ಮಹಾಯುದ್ಧದಲ್ಲಿ, ಸುಟ್ಟ ಗಾಯಾಳುಗಳ ನಡುವೆ. ಒಬ್ಬರದೇ ಚರ್ಮವನ್ನು ಎರಡನೆಯ ಬಾರಿ ಕಸಿಮಾಡಿದರೆ ಅದು ಮೊದಲಿಗಿಂತ ಬೇಗ ಉದುರುತ್ತಿತ್ತು. ಎಂದರೆ ದೇಹಕ್ಕೆ ನೆನಪಿದೆ. 1945ರಲ್ಲಿ ಅಮೆರಿಕದ ರೇ ಓವನ್ ಇನ್ನೊಂದು ವಿಚಿತ್ರವನ್ನು ಕಂಡರು: ಗರ್ಭದಲ್ಲಿ ರಕ್ತ ಹಂಚಿಕೊಂಡ ಅವಳಿ ಕರುಗಳು ಬೆಳೆದ ಮೇಲೂ ಒಂದರ ರಕ್ತಕಣಗಳನ್ನು ಇನ್ನೊಂದು ತಗಾದೆಯಿಲ್ಲದೆ ಹೊತ್ತಿದ್ದವು. ಈ ಸುಳಿವು ಹಿಡಿದು 1953ರಲ್ಲಿ ಮೆಡವಾರ್, ಬಿಲ್ಲಿಂಗ್‌ಹ್ಯಾಮ್, ಬ್ರೆಂಟ್ ಅವರು ಗರ್ಭಸ್ಥ ಇಲಿಮರಿಗಳಿಗೆ ಬೇರೆ ತಳಿಯ ಜೀವಕೋಶಗಳನ್ನು ಚುಚ್ಚಿದರು. ಬೆಳೆದ ಇಲಿಗಳು ಆ ತಳಿಯ ಚರ್ಮವನ್ನು ತಮ್ಮದೆಂಬಂತೆ ಉಳಿಸಿಕೊಂಡವು. ಮೂರನೆಯ ತಳಿಯದನ್ನು ಎಂದಿನಂತೆ ತಿರಸ್ಕರಿಸಿದವು. ನಿರೋಧ ಶಕ್ತಿ ಕುಗ್ಗಿರಲಿಲ್ಲ, ಒಬ್ಬರನ್ನು ಮಾತ್ರ ನಂಟರೆಂದು ಕಲಿತಿತ್ತು. ಕಸಿಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಪ್ರಯೋಗವಿಲ್ಲವೆಂದೇ ನಮ್ಮ ಎಣಿಕೆ. 1960ರ ನೊಬೆಲ್ ಮೆಡವಾರ್ ಮತ್ತು ಬರ್ನೆಟ್ ಅವರಿಗೆ ಸಂದಿತು.

ಈ ಕಲಿಕೆಯ ಒಂದು ಪಾಠಶಾಲೆ ಎದೆಯೊಳಗಿನ ಥೈಮಸ್ ಗ್ರಂಥಿ. ಸ್ವಂತ ಅಂಗಾಂಶದ ಮೇಲೆ ಎರಗುವ ಟಿ ಕೋಶಗಳು ಬಹುಮಟ್ಟಿಗೆ ಅಲ್ಲೇ ಅಳಿಯುತ್ತವೆ. ತಪ್ಪಿಸಿಕೊಂಡವನ್ನು ಹದ್ದಿನಲ್ಲಿಡಲು ನಿಯಂತ್ರಕ ಟಿ ಕೋಶಗಳಿವೆ. 1995ರಲ್ಲಿ ಅವನ್ನು ಗುರುತಿಸಿದ ಸಾಕಾಗುಚಿ ಅವರಿಗೆ 2025ರ ನೊಬೆಲ್‌ನಲ್ಲಿ ಪಾಲು ದೊರೆಯಿತು.

ಆದರೆ ವಯಸ್ಕ ರೋಗಿಗೆ ಗರ್ಭದ ಪಾಠ ಹೇಳುವುದು ಹೇಗೆ? ವೈದ್ಯರು ಔಷಧದ ಹಾದಿ ಹಿಡಿದರು. ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ ಬಂದ ಸೈಕ್ಲೋಸ್ಪೋರಿನ್ 1983ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೇಲೆ ಹೃದಯ, ಯಕೃತ್ತುಗಳ ಕಸಿ ನಿಜಕ್ಕೂ ಚಿಕಿತ್ಸೆಯಾಯಿತು. ಇದು ಸಹಿಷ್ಣುತೆಯಲ್ಲ, ಟಿ ಕೋಶಗಳ ಬಾಯಿಕಟ್ಟುವ ಉಪಾಯ. ಸೋಂಕನ್ನೂ ದೇಹ ಆಗ ತಡವರಿಸುತ್ತಲೇ ಎದುರಿಸಬೇಕು. ಕ್ಷಯ, ಡೆಂಗಿಗಳ ನಮ್ಮ ದೆಹಲಿಯಲ್ಲಿ ಇದು ಸಣ್ಣ ಮಾತಲ್ಲ. ಅದೇ ಔಷಧ ದೀರ್ಘಕಾಲದಲ್ಲಿ ಮೂತ್ರಪಿಂಡವನ್ನೂ ಸವೆಸುತ್ತದೆ.

ಅಂಗಗಳಲ್ಲಿ ಯಕೃತ್ತಿನ ನಡತೆಯೇ ಬೇರೆ. 1998ರ ನವೆಂಬರ್‌ನಲ್ಲಿ ದೆಹಲಿಯ ಅಪೋಲೊ ಆಸ್ಪತ್ರೆಯಲ್ಲಿ ತಂದೆಯ ಯಕೃತ್ತಿನ ತುಂಡನ್ನು ಪಡೆದ ಕೂಸು ಬೆಳೆದು ವೈದ್ಯನೇ ಆದ. ಯಕೃತ್ತನ್ನು ದೇಹ ಉಳಿದ ಅಂಗಗಳಿಗಿಂತ ಸುಲಭವಾಗಿ ಒಪ್ಪುತ್ತದೆ. ವೈದ್ಯರ ನಿಗಾದಲ್ಲಿ ಆಯ್ದ ಕೆಲವರಿಗೆ ಮಾತ್ರೆಗಳನ್ನು ಪೂರ್ತಿ ನಿಲ್ಲಿಸಿದರೂ ಅದು ಉಳಿದದ್ದುಂಟು. ಮಿಕ್ಕವರು ಮಾತ್ರೆಯ ಹೊತ್ತನ್ನು ಇಂದಿಗೂ ತಪ್ಪಿಸುವಂತಿಲ್ಲ.