ನಳದುರ್ಗಕ್ಕೆ ಹೋಗದ ಲಾರಿ

ನಮ್ಮ ಊರ ಅಗಸಿ ದಾಟಿ ಹಳ್ಳದ ಕಡೆ ನಡೆದರೆ ಎಡಗಡೆ ಒಂದು ದೊಡ್ಡ ಬೇವಿನ ಗಿಡ ಇದೆ. ಅದರ ಬುಡಕ್ಕೆ ನಲವತ್ತು ವರ್ಷ ಒಂದು ಮಿಲ್ಟ್ರಿ ಲಾರಿ ನಿಂತಿತ್ತು. ಮೋರೆ ಚಪ್ಪಟೆ, ಎರಡು ದೀಪ ಎರಡು ಕಣ್ಣಿನ ಹಂಗ. ಅದಕ್ಕೇ ಹುಡುಗರು ಗೂಬಿ ಗಾಡಿ ಅಂತಿದ್ದರು. ಒಳಗೆ ಕೋಳಿ ತತ್ತಿ ಇಡುತ್ತಿದ್ದವು. ಹೋದ ವರ್ಷ ಅದರ ಮಾಲೀಕರ ಮಗ ಬಾವಿಯ ಸಾಲ ತೀರಿಸಬೇಕೆಂದು ಅದನ್ನು ಮಾರಾಟಕ್ಕೆ ಇಟ್ಟ. ಆಗ ಈ ಗಾಡಿ ಯಾವುದು, ಎಲ್ಲಿಂದ ಬಂತು ಎನ್ನುವ ಮಾತು ಎದ್ದಿತು. ಆ ಮಾತಿನಲ್ಲಿ ನಾನೂ ಸಿಕ್ಕಿಬಿದ್ದೆ, ಯಾಕಂದರೆ ಆ ಗಾಡಿಯ ಮೇಲೆ ನಾನು ಪದ ಕಟ್ಟಿ ಹಾಡಿದವನು.

ಪದದ ವಿಷಯ ಮೊದಲು ಹೇಳುತ್ತೇನೆ. ನಮ್ಮ ಅಕ್ಕಲಕೋಟೆ ಸಂಸ್ಥಾನ 1948ರ ಮಾರ್ಚ್ ತಿಂಗಳಲ್ಲಿ ಮುಂಬೈ ಪ್ರಾಂತದಲ್ಲಿ ಸೇರಿತು. ಆದರೆ ಬೋರಿ ಹೊಳೆಯ ಮೇಲ್ಗಡೆ ಇರುವ ನಳದುರ್ಗ ಆಗಿನ್ನೂ ನಿಜಾಮನ ಕೈಯಲ್ಲಿತ್ತು. ಅದೇ ಬೋರಿಯ ನೀರು ನಮ್ಮ ಕುರನೂರ ಧರಣಕ್ಕೆ ಬರುವುದು, ಹಂಗಾಗಿ ಆ ಊರು ನಮಗೆ ಪರದೇಶ ಅಲ್ಲ. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ. ಎನ್. ಚೌಧರಿಯವರ ಫೌಜು ಸೊಲ್ಲಾಪುರದಿಂದ ಹೊರಟು ಮೊದಲನೇ ದಿನವೇ ನಳದುರ್ಗ ಹಿಡಿಯಿತು. ಮುಂದೆ ಉಮರಗಾ, ಹುಮನಾಬಾದ ಹಾದು ಹೈದರಾಬಾದಿನ ಕಡೆ ನಡೆಯಿತು. 17ಕ್ಕೆ ನಿಜಾಮ ಸೋಲೊಪ್ಪಿದ, 18ಕ್ಕೆ ಅವನ ಫೌಜಿನ ಮುಖ್ಯಸ್ಥ ಎಲ್ ಎದ್ರೂಸ್ ಶರಣಾದ. ನಮ್ಮ ಅಪ್ಪ ರಜಾಕಾರರ ಕಾಲ ಕಂಡವ. ಈ ಗೂಬಿ ಗಾಡಿ ಆ ದಿನ ನಳದುರ್ಗಕ್ಕೆ ಸಿಪಾಯಿಗಳನ್ನು ಹೊತ್ತು ಹೋದ ಗಾಡಿ ಅಂತ ಅಪ್ಪ ಹೇಳುತ್ತಿದ್ದ. ನಾನು ಅದನ್ನೇ ಗೀಗೀ ಪದದಲ್ಲಿ ಸೇರಿಸಿದೆ. ಮೂವತ್ತು ವರ್ಷ ಜಾತ್ರೆ ಜಾತ್ರೆಯಲ್ಲಿ ಹಾಡಿದೆ. ಆ ಸಾಲು ಬಂದಾಗ ಮಂದಿ ಸೀಟಿ ಹೊಡೆಯುತ್ತಿದ್ದರು.

ಮಾಲೀಕರ ಮಗನಿಗೆ ಅದೂ ಸಾಲಲಿಲ್ಲ. "ಶಕ್ತಿಮಾನ್ ಲಾರಿ, ನಳದುರ್ಗ ಹಿಡಿದದ್ದು, 71ರ ಯುದ್ಧ ಮಾಡಿದ್ದು" ಎಂದು ಒಂದೇ ಗಾಡಿಗೆ ಎರಡು ಯುದ್ಧ ಹೊರಿಸಿ ನಾಲ್ಕೂ ಕಡೆ ಸುದ್ದಿ ಕಳಿಸಿದ. ಮೊದಲು ಭಂಗಾರದವನು ಬಂದು ಕಿಲೋ ಲೆಕ್ಕದಲ್ಲಿ ಕೇಳಿದ. ಆಮೇಲೆ ಪುಣೆಯಿಂದ ಹಳೇ ಗಾಡಿಗಳ ಹವ್ಯಾಸಿ ಒಬ್ಬರು ಬಂದರು. ಅವರು ಗಾಡಿ ಸುತ್ತ ಎರಡು ಸುತ್ತು ಹಾಕಿ, "ನಳದುರ್ಗದ ಮಾತು ಖರೆ ಇದ್ದರೆ ಎರಡು ಪಟ್ಟು ಕೊಡ್ತೀನಿ. ಊರ ಹಿರಿಯರು ಬರೆದು ಸಹಿ ಮಾಡಿ ಕೊಡಲಿ" ಎಂದರು. ಹಿರಿಯ ಅಂದರೆ ನಾನೇ. ಪದ ಹಾಡಿದವನ ಸಹಿ ಬೇಕು.

ಸಹಿ ಮಾಡುವುದಕ್ಕೆ ಮೊದಲು ಗಾಡಿಯನ್ನೇ ಒಮ್ಮೆ ಕೇಳಿ ನೋಡೋಣ ಎಂದೆ. ನಮ್ಮ ಶಾಲೆಯ ನಿವೃತ್ತ ಮಾಸ್ತರರು, ಸೊಲ್ಲಾಪುರದ ಒಬ್ಬ ಮುದಿ ಮಿಸ್ತ್ರಿ, ನಾನು, ಮೂವರೂ ಒಂದು ಐತವಾರ ಬೇವಿನ ಗಿಡದ ಕೆಳಗೆ ಕೂತೆವು.

ಮಿಸ್ತ್ರಿ ಗಾಡಿಯ ಹತ್ತಿರವೂ ಹೋಗಲಿಲ್ಲ. ದೂರದಿಂದಲೇ, "ಇದು ಶಕ್ತಿಮಾನ್ ಅಲ್ಲ, ಮೂಗು ನೋಡ್ರಿ" ಎಂದ. ಶಕ್ತಿಮಾನ್ ಲಾರಿಗೆ ಮುಂದೆ ಉದ್ದನೆಯ ಬಾನೆಟ್ ಇರುತ್ತದೆ, ಇಂಜಿನ್ ಡ್ರೈವರನ ಮುಂದೆ ಕೂರುತ್ತದೆ. ಅದು ಜರ್ಮನಿಯ ಮಾನ್ ಕಂಪನಿಯ ನಮೂನೆ. ಆ ಕಂಪನಿಯ ಕೂಡ ಕರಾರು ಮಾಡಿಕೊಂಡು ನಮ್ಮ ಸರ್ಕಾರ ಜಬಲ್ಪುರದಲ್ಲಿ ಅದನ್ನು ಕಟ್ಟಿತು. ಮೊದಲನೆಯದು ಹೊರಬಂದದ್ದು 1959ರಲ್ಲಿ. ಅಂದರೆ ಶಕ್ತಿಮಾನ್ ಯಾವುದೇ ಇರಲಿ, ಅದು ನಳದುರ್ಗ ನೋಡಿರುವುದು ಸಾಧ್ಯವೇ ಇಲ್ಲ. ಹುಡುಗ ಹೇಳಿದ ಎರಡು ಮಾತೂ ಒಂದಕ್ಕೊಂದು ಕೂಡುವಂಥವಲ್ಲ. ನಮ್ಮ ಗೂಬಿ ಗಾಡಿಗೆ ಮೂಗೇ ಇಲ್ಲ. ಇಂಜಿನ್ ಅರ್ಧ ಕ್ಯಾಬಿನ್ ಒಳಗೇ ಬಂದು ಡ್ರೈವರ ಮತ್ತು ಕ್ಲೀನರನ ನಡುವೆ ಕೂತಿದೆ. ಬ್ಯಾಸಿಗಿಯಲ್ಲಿ ಅದನ್ನು ಓಡಿಸಿದವನ ಪಾಡು ದೇವರೇ ಬಲ್ಲ.

ಆಮೇಲೆ ಮುಂದಿನ ಗಾಜು ತೋರಿಸಿದ. ಎಲ್ಲಾ ಗಾಡಿಗಳ ಗಾಜು ಮೇಲ್ಗಡೆ ಹಿಂದಕ್ಕೆ ವಾಲಿರುತ್ತದೆ. ಇದರದು ತಿರುಗಾಮುರುಗಾ, ಮೇಲಿನ ಅಂಚು ಮುಂದಕ್ಕೆ ಬಗ್ಗಿದೆ. ಬಿಸಿಲು ಬಿದ್ದರೆ ಹೊಳಪು ನೆಲಕ್ಕೆ ಹೋಗಬೇಕು, ಆಕಾಶದ ವಿಮಾನಕ್ಕೆ ಕಾಣಬಾರದು ಅಂತ ಆ ಉಪಾಯ. ಇಂಥ ಕ್ಯಾಬಿನ್ ಬಂದದ್ದು ಎರಡನೇ ಮಹಾಯುದ್ಧದ ನಡುವೆ, 1942ರ ಸುಮಾರಿಗೆ. ಅದಕ್ಕೆ ಮೊದಲಿನ ಎರಡು ನಮೂನೆಗಳಿಗೆ ಗಾಜು ನೆಟ್ಟಗೆ ನಿಂತಿತ್ತು.

ಇಷ್ಟು ತಿಳಿದರೆ ಮನೆತನ ತಿಳಿಯಿತು, ಹೆಸರು ತಿಳಿಯಲಿಲ್ಲ. ಈ ಮನೆತನದ ಲಾರಿಗಳನ್ನು ಕೆನಡಾ ದೇಶದಲ್ಲಿ ಇಬ್ಬರು ಮಾಡಿದರು, ಓಶವಾ ಊರಲ್ಲಿ ಜನರಲ್ ಮೋಟರ್ಸ್, ವಿಂಡ್ಸರ್ ಊರಲ್ಲಿ ಫೋರ್ಡ್. ಪೇಟೆಯಲ್ಲಿ ಅವರು ಎದುರಾಳಿಗಳು, ಆದರೆ ಯುದ್ಧಕ್ಕೆ ಒಂದೇ ಅಚ್ಚಿನ ಗಾಡಿ ಕೊಡಬೇಕಾಯಿತು. ಒಟ್ಟು ನಾಲ್ಕು ಲಕ್ಷಕ್ಕೂ ಹೆಚ್ಚು. ಸ್ಟೇರಿಂಗ್ ಬಲಗಡೆ, ಯಾಕಂದರೆ ಬ್ರಿಟಿಷರ ಫೌಜಿಗೆ ಬೇಕಾದದ್ದು ಹಂಗೆ. ಹಿಂದುಸ್ಥಾನಕ್ಕೆ ಬಿಡಿಬಿಡಿ ಮಾಡಿ ಪೆಟ್ಟಿಗೆಯಲ್ಲಿ ತುಂಬಿ ಹಡಗಿನಲ್ಲಿ ಕಳಿಸಿದರು. ಮುಂಬೈಯ ಶಿವಡಿಯಲ್ಲಿ ಜನರಲ್ ಮೋಟರ್ಸಿನವರ ಕಾರಖಾನೆ 1928ರಿಂದಲೂ ಇತ್ತು, ಯುದ್ಧದ ಕಾಲಕ್ಕೆ ಪೆಟ್ಟಿಗೆ ಒಡೆದು ಗಾಡಿ ಕಟ್ಟುವ ಕೆಲಸ ಅಲ್ಲಿ ನಡೆಯಿತು.

ಶೆವ್ರೊಲೆಯೋ ಫೋರ್ಡೋ ಎನ್ನುವುದನ್ನು ಇಂಜಿನ್ ನೋಡಿ ಹೇಳಬಹುದು. ಶೆವ್ರೊಲೆಗೆ ಆರು ಸಿಲಿಂಡರ್ ಒಂದೇ ಸಾಲಲ್ಲಿ, 85 ಅಶ್ವಶಕ್ತಿ. ಫೋರ್ಡಿಗೆ ಎಂಟು ಸಿಲಿಂಡರ್, ನಾಲ್ಕು ನಾಲ್ಕು ಎರಡು ಬದಿಗೆ ವಾಲಿ, 95 ಅಶ್ವಶಕ್ತಿ. ಆದರೆ ಇಲ್ಲಿ ಒಂದು ಮೋಸ ಆಯಿತು. ಮುಚ್ಚಳ ತೆಗೆದರೆ ಒಳಗೆ ಪರ್ಕಿನ್ಸ್ ಪಿ6 ಡೀಸೆಲ್, ಮದ್ರಾಸಿನ ಸಿಂಪ್ಸನ್ ಕಂಪನಿಯದು. ಮಿಸ್ತ್ರಿ ನಕ್ಕ. "ಪೆಟ್ರೋಲು ಕುಡಿದು ಕುಡಿದು ಮಾಲೀಕನ ಹೊಲ ಮಾರಿಸತಿದ್ದವು ಇವು. ಆ ಕಾಲದಾಗ ಇಂಥ ಎಷ್ಟು ಹೊಟ್ಟಿ ಕೊಯ್ದು ಡೀಸೆಲ್ ಇಂಜಿನ್ ಹಾಕೀನಿ ನಾನು!" ಅದಕ್ಕೇ ಹಳೇ ಮಿಲ್ಟ್ರಿ ಗಾಡಿ ಕೊಳ್ಳುವವರು ಇಂಜಿನ್ ನಂಬರ್ ಒಂದನ್ನೇ ಹಿಡಿದು ಕೂರಬಾರದು. ಇಂಜಿನ್ ಅಂದರೆ ಅಂಗಿ ಇದ್ದ ಹಾಗೆ, ಹರಿದರೆ ಬೇರೆ ತೊಡಿಸುತ್ತಾರೆ. ಚಾಸಿ ಎಲುಬು.

ಎಲುಬನ್ನೇ ಅಳೆದೆವು. ಟೇಪು ಇರಲಿಲ್ಲ, ಎತ್ತಿನ ಹಗ್ಗ ಹಿಡಿದೆವು. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ 13 ಅಡಿ 2 ಇಂಚು, ಅಂದರೆ 158 ಇಂಚು. ಮಾಸ್ತರರು ಕೂಡಲೇ ಚೀಟಿ ಮೇಲೆ ಬರೆದರು. ಈ ಮನೆತನದಲ್ಲಿ ಚಿಕ್ಕ ಗಾಡಿ 101 ಇಂಚು, ನಡುವಿನದು 134, ದೊಡ್ಡದು 158. ಶೆವ್ರೊಲೆ ಆದರೆ ಈ ದೊಡ್ಡದರ ಹೆಸರು ಸಿ60ಎಲ್. ಸಿ ಅಂದರೆ ಶೆವ್ರೊಲೆ, ಎಲ್ ಅಂದರೆ ಉದ್ದನೆಯ ಚಾಸಿ. 60 ಎನ್ನುವುದು ಹೇರಿನ ಲೆಕ್ಕ, ಬ್ರಿಟಿಷರ ಹಂಡ್ರೆಡ್‌ವೇಟ್ ಒಂದಕ್ಕೆ ಸುಮಾರು 51 ಕಿಲೋ, ಅಂಥವು 60 ಸೇರಿ ಮೂರು ಟನ್. ಫೋರ್ಡ್ ಆದರೆ ಎಫ್60ಎಲ್.

ಕೊನೆಗೆ ಬಾಯಿ ಬಿಟ್ಟದ್ದು ಡ್ಯಾಶಿನ ಮೇಲಿನ ಒಂದು ತಗಡಿನ ಚೂರು. ಮೂರು ಪದರ ಬಣ್ಣ ಕೂತಿತ್ತು. ಸೀಮೆಎಣ್ಣೆ ಹಚ್ಚಿ ಬಟ್ಟೆಯಿಂದ ತಿಕ್ಕಿದೆವು. ಉಳಿ ಮುಟ್ಟಿಸಲು ಮಿಸ್ತ್ರಿ ಬಿಡಲಿಲ್ಲ. ಜನರಲ್ ಮೋಟರ್ಸ್, ಓಶವಾ ಎಂಬ ಅಕ್ಷರ ಎದ್ದವು. ಕೆಳಗೆ ಗೇರ್ ಪೆಟ್ಟಿಗೆಯ ಮೇಲೆ ಇಂಗ್ಲಿಷ್ ಸಿ ಅಕ್ಷರ, ಅದರ ಹೊಟ್ಟೆಯಲ್ಲಿ ಕೋಳಿಕಾಲಿನಂಥ ಬಾಣದ ಗುರುತು. ಬರೇ ಬಾಣ ಇದ್ದರೆ ಬ್ರಿಟಿಷ್ ಸರ್ಕಾರದ ಸೊತ್ತು, ಸಿ ಒಳಗಿನ ಬಾಣ ಕೆನಡಾದವರದು. ನಮ್ಮ ಫೌಜಿನ ಗಾಡಿ ನಂಬರಿಗೂ ಮೊದಲಿಗೆ ಮೇಲ್ಮುಖದ ಬಾಣ ಇರುತ್ತದೆ, ಅದರ ಮುಂದೆ ವರ್ಷದ ಎರಡು ಅಂಕಿ. ಅದು ಬೇರೆ, ಇದು ಬೇರೆ.

ಗಾಲಿ ಬಿಚ್ಚಲು ಹೋದ ಹುಡುಗನಿಗೆ ಮಿಸ್ತ್ರಿ ಬೈದದ್ದನ್ನು ಇಲ್ಲಿ ಬರೆಯಲೇಬೇಕು. ಮಿಲ್ಟ್ರಿ ಗಾಡಿಗಳ ಗಾಲಿ ಬಹಳ ಕಡೆ ಎರಡು ಹೋಳು, ನಟ್ಟಿನಿಂದ ಬಿಗಿದದ್ದು. ಗಾಳಿ ಇರುವಾಗ ತಪ್ಪು ನಟ್ಟು ಸಡಿಲಿಸಿದರೆ ಹೋಳು ಸಿಡಿದು ಆಳು ಸಾಯುತ್ತಾನೆ. ಮೊದಲು ಗಾಳಿ ಪೂರಾ ತೆಗೆಯಬೇಕು.

ಅಲ್ಲಿಗೆ ನನ್ನ ಎದೆ ಹಗುರಾಯಿತು. ಗಾಡಿ ಯುದ್ಧ ಕಾಲದ್ದು. 1948ರಲ್ಲಿ ನಮ್ಮ ಫೌಜು ಓಡಿಸುತ್ತಿದ್ದದ್ದು ಬ್ರಿಟಿಷರ ಕಾಲದಿಂದ ಉಳಿದ ಇಂಥ ಲಾರಿಗಳನ್ನೇ. ಅಪ್ಪನ ಮಾತು ನಿಲ್ಲುತ್ತದೆ ಎಂದುಕೊಂಡೆ. ಸಹಿಗೆ ಪೆನ್ನು ಕೂಡ ಕೇಳಿದೆ.

ಆಗ ಮಾಲೀಕರ ಹೆಂಡತಿ, ನನಗೆ ಕಾಕಿ ಆಗಬೇಕು, ಒಳಗಿನ ಟ್ರಂಕಿನಿಂದ ಒಂದು ಅರಿವೆ ಗಂಟು ತಂದರು. "ಇದೂ ಮೋಟಾರಿನ ಕಾಗದ ಅಂತ ನಿಮ್ಮ ಕಾಕಾ ಹೇಳತಿದ್ದರು, ನೋಡ್ರಿ" ಎಂದರು. 1939ರ ಮೋಟಾರ್ ಕಾಯ್ದೆಯ ನೋಂದಣಿ ಪುಸ್ತಕ. ಮಾಸ್ತರರು ಚಾಸಿ ನಂಬರು ತಾಳೆ ನೋಡಿದರು, ಕೂಡಿತು. ಮೊದಲನೇ ನೋಂದಣಿ 1947, ಒಬ್ಬ ಖಾಸಗಿ ಮೋಟಾರ್ ಮಾಲೀಕರ ಹೆಸರಿಗೆ. ಯುದ್ಧ 1945ಕ್ಕೆ ಮುಗಿದ ಮೇಲೆ ಸರ್ಕಾರ ಬೇಡಾದ ಸಾಮಾನು ಹರಾಜು ಹಾಕಿತಲ್ಲ, ಡಿಸ್ಪೋಜಲ್ ಗಾಡಿ ಅಂತ ನಮ್ಮ ಹಿರಿಯರು ಕರೆಯುತ್ತಿದ್ದರು, ಅದು ಆ ಪೈಕಿ. ದೇಶದಾಗ ಎಷ್ಟೋ ಬಸ್ಸು, ಲಾರಿ ಧಂದೆ ಶುರುವಾದದ್ದೇ ಅಂಥ ಗಾಡಿಗಳ ಮೇಲೆ. ಅಂದರೆ ಫೌಜು ನಳದುರ್ಗಕ್ಕೆ ನುಗ್ಗುವ ಹೊತ್ತಿಗೆ ನಮ್ಮ ಗೂಬಿ ಗಾಡಿ ಫೌಜು ಬಿಟ್ಟು ಬಾಡಿಗೆ ಹೊಡೆಯುತ್ತಿತ್ತು.

ಹುಡುಗ ಪುಸ್ತಕ ಕೈಗೆ ತಗೊಂಡು ಮಡಚಿದ. "ಕಾಕಾ, ಇದನ್ನು ಯಾರೂ ನೋಡಿಲ್ಲ ಅಂತ ತಿಳೀರಿ. ಇಷ್ಟು ವರ್ಷ ನೀವೇ ಹಾಡೀರಿ. ಒಂದು ಸಹಿಗೆ ಏನು ಹೋಗತದ?"

ನನಗೆ ಉತ್ತರ ತಟ್ಟನೆ ಬರಲಿಲ್ಲ. ಅವನ ಸಾಲ ನನಗೆ ಗೊತ್ತು. ಬಾವಿ ತೋಡುವಾಗ ನಾನೇ ಮುಂದೆ ನಿಂತಿದ್ದೆ. "ತಮ್ಮಾ, ಹಾಡಿದ್ದು ನಾನು ಕೇಳಿದ ಮಾತು. ಬರೆದು ಸಹಿ ಮಾಡಿದರೆ ಅದು ನಾನು ನೋಡಿದ ಮಾತು ಆಗತದ" ಎಂದೆ. ಅವನು ಎದ್ದು ಹೋದ. ಕಾಕಿ ಮಾತ್ರ ಪುಸ್ತಕವನ್ನು ತಿರುಗಿ ನನ್ನ ಕೈಗೆ ಕೊಟ್ಟರು.

ಪುಣೆಯವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆವು. ಅವರು ಎರಡು ಪಟ್ಟು ಕೊಡಲಿಲ್ಲ. ಆದರೂ ತಗಡು, ಚಾಸಿ ನಂಬರು, ಪುಸ್ತಕ ಮೂರೂ ಕೂಡಿದ ಗಾಡಿ ಸಿಗುವುದು ಕಡಿಮೆ ಎಂದು, ಭಂಗಾರದವನಿಗಿಂತ ಬಹಳ ಮೇಲೆ ಕೊಟ್ಟು ಒಯ್ದರು. ಸಾಲ ಅರ್ಧಕ್ಕಿಂತ ಹೆಚ್ಚು ತೀರಿತು, ಪೂರಾ ತೀರಲಿಲ್ಲ. ಹುಡುಗ ಇನ್ನೂ ನನ್ನ ಕೂಡ ಸರಿಯಾಗಿ ಮಾತಾಡುವುದಿಲ್ಲ.

ಪದದ ಸಾಲು ತೆಗೆದೆ. ಆ ಜಾಗಕ್ಕೆ 1972ರ ಬರ ಬಂತು. ಆಗ ನಾನು ಸಣ್ಣ ಹುಡುಗ. ಬಾವಿಗಳೆಲ್ಲ ಬತ್ತಿ, ಮಂದಿ ಖಡಿ ಒಡೆಯುವ ಕೆಲಸಕ್ಕೆ ಹೋಗುತ್ತಿದ್ದರು. ಕಾಕಾ ಈ ಗಾಡಿಯ ಮೇಲೆ ಟಾಕಿ ಕೂರಿಸಿ ಊರಿಗೆ ನೀರು ತರುತ್ತಿದ್ದರು. ಗಾಡಿಯ ಸಪ್ಪಳ ಹಳ್ಳದಾಚೆ ಕೇಳಿದರೆ ಸಾಕು, ಅವ್ವ ನನ್ನ ಕೈಗೆ ಕೊಡ ಕೊಟ್ಟು ಅಗಸಿಗೆ ಓಡಿಸುತ್ತಿದ್ದಳು. ಈ ಸಾಲಿಗೆ ಸೀಟಿ ಬೀಳುವುದಿಲ್ಲ. ಮುದುಕಿಯರು ಸುಮ್ಮನೆ ಕೇಳುತ್ತಾರೆ.

ಗಾಡಿ ಹೋಗುವ ಹಿಂದಿನ ದಿನ ಮಾಸ್ತರರು ಆ ತಗಡಿನ ಮೇಲೆ ಕಾಗದ ಇಟ್ಟು ಸೀಸದಕಡ್ಡಿ ತಿಕ್ಕಿ ಅಚ್ಚು ತೆಗೆದರು. ಅದು, ಮತ್ತು ನೋಂದಣಿ ಪುಸ್ತಕದ ಮೊದಲ ಪುಟದ ಝೆರಾಕ್ಸ್, ನಮ್ಮ ವಾಚನಾಲಯದ ಎರಡನೇ ಕಪಾಟಿನಲ್ಲಿ ಇವೆ.