ಪಡಸಾಲೆಯಲ್ಲಿ ನಡೆದ ಶಾಲೆ

2020ರ ಆಗಸ್ಟ್‌ನಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಒಂದು ಹಳೆಯ ದೃಶ್ಯ ಮತ್ತೆ ಕಂಡಿತು. ಕೊರೊನಾದಿಂದ ಶಾಲೆಗಳು ಮುಚ್ಚಿ ಐದು ತಿಂಗಳಾಗಿತ್ತು. ಸರ್ಕಾರ 'ವಿದ್ಯಾಗಮ' ಎಂಬ ಯೋಜನೆ ತಂದು, ಮಾಸ್ತರರೇ ಓಣಿಗಳಿಗೆ ಹೋಗಿ, ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳು ಎಲ್ಲಿ ಸಿಕ್ಕರೆ ಅಲ್ಲಿ ಮಕ್ಕಳನ್ನು ಕೂರಿಸಿ ಕಲಿಸಬೇಕೆಂದಿತು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಫೋನಿದ್ದ ಮನೆಗಳಿಗೆ ಆ ದಿನಗಳಲ್ಲಿ ಎಳೆಯ ಮಕ್ಕಳಿಗೆಂದು 'ಚಟುವಟಿಕೆ'ಗಳು ಬರುತ್ತಿದ್ದವು: ಕಾಳು ಎಣಿಸಿ, ಬೇಳೆ ಬೇರೆ ಮಾಡಿ, ಎಲೆ ಜೋಡಿಸಿ, ಮಣ್ಣಿನಲ್ಲಿ ಪ್ರಾಣಿ ಮಾಡಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಅಜ್ಜಿಯರಿಗೆ ಇದರಲ್ಲಿ ಹೊಸದೇನೂ ಕಂಡಿರಲಾರದು. ಅವರು ಕಲಿತದ್ದೇ ಹಾಗೆ. ಅವರಲ್ಲಿ ಬಹಳ ಮಂದಿಗೆ ಬೇರೆ ಶಾಲೆ ಇರಲಿಲ್ಲ ಎಂಬುದೂ ಅಷ್ಟೇ ನಿಜ.

ಈ ಎರಡನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಮನೆಯ ಆಟ, ಅಜ್ಜಿಯ ಒಡಪು, ಕವಡೆ, ಕುಳಿಮಣೆಗಳ ಬಗ್ಗೆ ಬರೆಯಲು ಕೂತವರು ಬೇಗ ಕಣ್ಣು ತೇವ ಮಾಡಿಕೊಳ್ಳುತ್ತಾರೆ. ಲೆಕ್ಕವನ್ನು ಮಾತ್ರ ನೋಡುವುದಿಲ್ಲ.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ಈ ಸೀಮೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತು. (ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.) ತುಂಗಭದ್ರೆಯ ಆಚೆ ದಂಡೆಯ ಹರಪನಹಳ್ಳಿ, ಹಡಗಲಿಗಳು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹೊಳೆ ಸರಕಾರಗಳನ್ನು ಬೇರೆ ಮಾಡಿತ್ತೇ ಹೊರತು ಮಾತನ್ನಾಗಲಿ ಬದುಕನ್ನಾಗಲಿ ಅಲ್ಲ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಊರೂರಿನ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ಉತ್ತರ ಕನ್ನಡ ನಾಡಿನ ಎಳೆಯರ ಕಲಿಕೆಯ ಬಗ್ಗೆ ನಮಗಿರುವ ಒಳ್ಳೆಯ ದಾಖಲೆಗಳಲ್ಲಿ ಒಂದು. ಒಂಬತ್ತು ಲಕ್ಷ ಮೀರಿದ ಜನಸಂಖ್ಯೆಗೆ 533 ಶಾಲೆಗಳು, ಅವುಗಳಲ್ಲಿ 6,641 ಮಕ್ಕಳು. ಈ 6,641ರಲ್ಲಿ ಹೆಣ್ಣುಮಕ್ಕಳು ಅರವತ್ತು.

ಅರವತ್ತೇ. ಉಳಿದ ಹುಡುಗಿಯರು ಏನನ್ನು ಕಲಿತರೂ ಅದನ್ನು ಪಡಸಾಲೆಯಲ್ಲಿ, ಬೀಸುಕಲ್ಲಿನ ಮುಂದೆ, ಹಿತ್ತಲಲ್ಲಿ ಕಲಿತರು. ಶಾಲೆಗೆ ಹೊರಗಾಗಿದ್ದ ಜಾತಿಗಳ ಗಂಡುಮಕ್ಕಳ ಗತಿಯೂ ಅದೇ.

ಕ್ಯಾಂಪ್‌ಬೆಲ್ ಬಣ್ಣಿಸುವ ಶಾಲೆ ನಮ್ಮ ಹಿರಿಯರು 'ಗಾವಟಿ ಶಾಲೆ', 'ಅಯ್ಯಗಳ ಮಠ' ಎಂದು ಕರೆಯುತ್ತಿದ್ದುದೇ. ಐದನೆಯ ವರ್ಷಕ್ಕೆ ಮಗುವನ್ನು ಕರೆತಂದು ಗಣಪತಿ ಪೂಜೆ ಮಾಡಿಸಿ, ಬೆರಳು ಹಿಡಿದು ಅಕ್ಷರ ತಿದ್ದಿಸುವುದು. ಬರೆಯಲು ಮರಳು. ಬೆಳಗ್ಗೆ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ದೊಡ್ಡ ಹುಡುಗರು ಸಣ್ಣವರಿಗೆ ಹೇಳಿಕೊಡುವ ಪದ್ಧತಿಯನ್ನು ಕಲೆಕ್ಟರ್ ಸಾಹೇಬ ಮೆಚ್ಚಿಕೊಂಡಿದ್ದಾನೆ. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯೇ ಎಂದಿದ್ದಾನೆ. ಅದೇ ಉಸಿರಿನಲ್ಲಿ, ಮಕ್ಕಳು ಉರು ಹೊಡೆಯುವ ಪುಸ್ತಕಗಳ ಅರ್ಥ ಅವರಿಗೂ ಗೊತ್ತಿಲ್ಲ, ಅನೇಕ ವೇಳೆ ಕಲಿಸುವವರಿಗೂ ಗೊತ್ತಿಲ್ಲ ಎಂದು ದೂರಿದ್ದಾನೆ. ಬಟ್ಟೆ ಸೀಮೆಯಿಂದ ಬರತೊಡಗಿ ನೇಕಾರರು ಬಡವಾದರು, ಎಷ್ಟೋ ಮನೆಗಳು ಮಕ್ಕಳನ್ನು ಶಾಲೆ ಬಿಡಿಸಿ ದುಡಿಮೆಗೆ ಹಚ್ಚಿವೆ ಎಂಬುದನ್ನೂ ಮುಚ್ಚಿಡದೆ ಬರೆದಿದ್ದಾನೆ.

ಶಾಲೆಯ ಕಲಿಕೆ ಹೀಗೆ ಬಾಯಿಪಾಠದ್ದಾಗಿದ್ದಾಗ, ಅರ್ಥವಾಗುವ ಕಲಿಕೆ ನಡೆಯುತ್ತಿದ್ದದ್ದು ಎಲ್ಲಿ? ನನ್ನ ಮಟ್ಟಿಗೆ ಉತ್ತರ ಮಣ್ಣಿನಲ್ಲಿದೆ.

ಈ ಸೀಮೆಯಲ್ಲಿ ಮಣ್ಣಿಗೆ ವರ್ಷದಲ್ಲಿ ಐದು ಸಲ ಪೂಜೆ ಎನ್ನುತ್ತಾರೆ. ಕಾರಹುಣ್ಣಿಮೆಗೆ ನಿಜದ ಎತ್ತುಗಳ ಸಂಭ್ರಮ ಮುಗಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಆಮೇಲೆ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಹಿಂದೆಯೇ ಜೋಕುಮಾರ. ಜೋಕುಮಾರನನ್ನು ಮಾಡುವವರು, ಬುಟ್ಟಿಯಲ್ಲಿ ಹೊತ್ತು ತಿರುಗುವವರು ದೊಡ್ಡವರು. ಆದರೆ ಮಣ್ಣೆತ್ತು, ಗುಳ್ಳವ್ವ ಪೂರ್ತಿ ಮಕ್ಕಳ ಕೈಯವು. ಮುಂಗಾರು ಹಸಿಯಾಗಿರುವ ಹೊತ್ತು, ಹೊಲದಿಂದಲೋ ಕೆರೆಯಿಂದಲೋ ಮಣ್ಣು ತರುವುದು, ಕಲ್ಲು ಆರಿಸುವುದು, ಹದ ಮಾಡುವುದು. ಪೂರ್ವದ ಕಡೆ ಎರೆಮಣ್ಣು. ಒಣಗುತ್ತಾ ಕುಗ್ಗಿ ಬಿರಿಯುವುದು ಅದರ ಗುಣ. ನೀರು ಹೆಚ್ಚಾದರೆ ಎತ್ತಿನ ಕಾಲು ಕುಸಿಯುತ್ತದೆ, ಕಡಿಮೆಯಾದರೆ ಕೊಂಬು ಮುರಿಯುತ್ತದೆ. ಕೊಂಬಿನೊಳಗೆ ಕಡ್ಡಿ ಇಡಬೇಕೆಂದು ಮಗುವಿಗೆ ಯಾರೂ ಪಾಠ ಹೇಳಬೇಕಿಲ್ಲ. ಮೊದಲ ಕೊಂಬು ಉದುರಿದಾಗ ತಾನೇ ಕೇಳುತ್ತದೆ. ಕಣ್ಣಿಗೆ ಜೋಳದ ಕಾಳು. ಎರಡು ಎತ್ತೂ ಸಮನಾಗಿರಬೇಕು, ಇಲ್ಲವಾದರೆ ಜೋಡಿ ಎನ್ನಿಸುವುದಿಲ್ಲ. ಅವಕ್ಕೊಂದು ಗ್ವಾದಲಿ, ಮುಂದೆ ಮೇವು. ಮರುದಿನ ಮಕ್ಕಳು ಎತ್ತೊಂದನ್ನು ಹಿಡಿದು, ಅದು ಕುಂಟು, ಅದಕ್ಕೆ ಜೋಳ ನೀಡಿ ಎಂದು ಹಾಡುತ್ತಾ ಮನೆಮನೆಗೆ ತಿರುಗುತ್ತಾರೆ. ಕೂಡಿದ ಕಾಳನ್ನು ಹಂಚಿಕೊಳ್ಳುವಾಗ ಆಗುವ ಜಗಳದಲ್ಲೇ ಭಾಗಾಕಾರದ ಮೊದಲ ಪಾಠ.

ಇಟಲಿಯ ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ಮಕ್ಕಳ ಮನೆ ತೆರೆದು, ಕೈ ಕಲಿತದ್ದನ್ನು ಬುದ್ಧಿ ಮರೆಯದು ಎಂಬ ತತ್ವದ ಮೇಲೆ ಮರದ ಸಾಮಾನುಗಳನ್ನು ಕ್ರಮವಾಗಿ ಜೋಡಿಸಿದರು. ಗುಜರಾತಿನ ಗಿಜುಭಾಯಿ ಬಧೇಕಾ ಅದನ್ನು ನಮ್ಮ ನೆಲದ ಕಥೆ, ಆಟಗಳಿಗೆ ಹೊಂದಿಸಿದರು. ಮಣ್ಣೆತ್ತಿನ ಹಿಂದೆ ಇಂಥ ಯಾವ ಸಿದ್ಧಾಂತವೂ ಇಲ್ಲ. ಅದು ಹಬ್ಬ. ಮಕ್ಕಳಿಗೆ ಕಲಿಸಬೇಕೆಂದು ಯಾರೂ ಅದನ್ನು ಹುಟ್ಟುಹಾಕಲಿಲ್ಲ. ಆದ್ದರಿಂದ 'ನಮ್ಮ ಪೂರ್ವಜರು ಮಾಂಟೆಸ್ಸರಿಗಿಂತ ಮೊದಲೇ' ಎಂಬ ಧಾಟಿಯ ಹೆಮ್ಮೆ ನನಗೆ ಒಪ್ಪಿಗೆಯಿಲ್ಲ.

ಲೆಕ್ಕದ ಕಡೆ ಬಂದರೆ ಮನೆಯ ಸಾಮಾನು ಇನ್ನೂ ಸರಳ. ಅಳಗುಳಿ ಮಣೆಗೆ ಎರಡು ಸಾಲು, ಸಾಲಿಗೆ ಏಳು ಕುಳಿ. ಕುಳಿಗೆ ನಾಲ್ಕರಂತೆ ಹುಣಸೆಬೀಜ ಹಾಕಿದರೆ ಐವತ್ತಾರು, ಐದರಂತಾದರೆ ಎಪ್ಪತ್ತು. ಒಂದು ಕುಳಿಯ ಬೀಜ ಎತ್ತಿ ಒಂದೊಂದಾಗಿ ಬಿತ್ತುತ್ತಾ ಹೋಗಬೇಕು. ಬೀಜ ಮುಗಿದ ಕಡೆ ಮುಂದಿನ ಕುಳಿ ಖಾಲಿಯಿದ್ದರೆ ಅದರಾಚೆಯದು ನಿಮ್ಮದು. ಆಡಿ ಪಳಗಿದ ಹುಡುಗಿ ಎತ್ತುವ ಮೊದಲೇ ಕಣ್ಣಲ್ಲೇ ಎಣಿಸಿ, ಕೊನೆಯ ಬೀಜ ಎಲ್ಲಿ ಬೀಳುತ್ತದೆಂದು ತಿಳಿಯುತ್ತಾಳೆ. ಚೌಕಾಬಾರದಲ್ಲಿ ಇಪ್ಪತ್ತೈದು ಮನೆ, ನಾಲ್ಕು ಕವಡೆ. ಕವಡೆ ಇಲ್ಲದವರಿಗೆ ಒಂದು ಬದಿ ತೇಯ್ದು ಬೆಳ್ಳಗೆ ಮಾಡಿದ ಹುಣಸೆಬೀಜ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು. ಇವೆರಡೂ ಎರಡು, ಮೂರರಷ್ಟು ಸಲೀಸಾಗಿ ಬೀಳುವುದಿಲ್ಲ ಎಂಬುದು ಆಡಿದ ಮಗುವಿಗೆ ಗೊತ್ತು. ಸಂಭವನೀಯತೆ ಎಂಬ ಪದವನ್ನು ಅದು ಹೈಸ್ಕೂಲಿನಲ್ಲಿ ಕೇಳುತ್ತದೆ, ಹೈಸ್ಕೂಲಿಗೆ ಹೋದರೆ.

ಮುಂಬಯಿ ಪ್ರಾಂತದ ಶಾಲೆಗಳಲ್ಲಿ ಮರಾಠಿಯಿಂದ ಬಂದ ಪಾವಕಿ, ಸವಾಯಕಿ, ದೀಡಕಿ ಮಗ್ಗಿಗಳಿದ್ದವು. ಅಂದರೆ ಕಾಲು, ಒಂದೂಕಾಲು, ಒಂದೂವರೆಯ ಮಗ್ಗಿ. ಶಾಲೆಗೆ ಹೋದ ಹುಡುಗ ಸಂಜೆ ಪಡಸಾಲೆಯಲ್ಲಿ ಕೂತು ಇವನ್ನು ಕೂಗಿ ಹೇಳಬೇಕು. ಸೇರಿಗೆ ಒಂದೂಕಾಲು ಆಣೆಯಂತೆ ಏಳು ಸೇರಿಗೆ ಎಷ್ಟು ಎಂದರೆ ಎಂಟೂಮುಕ್ಕಾಲು ಆಣೆ ಎಂದು ಬಾಯಿಗೆ ಬರಬೇಕು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ಅದನ್ನು ಕೇಳಿಸಿಕೊಂಡೇ ಕಲಿತ ಅಕ್ಕತಂಗಿಯರು ಸಂತೆಯಲ್ಲಿ ಯಾರಿಂದಲೂ ಮೋಸ ಹೋಗುತ್ತಿರಲಿಲ್ಲ. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು, ಹಿಂದೆಯೇ ಕಿಲೋ, ಲೀಟರು. ಹದಿನಾರು ಆಣೆಯ ಲೋಕಕ್ಕೆಂದೇ ಇದ್ದ ಮಗ್ಗಿಗಳು ಒಂದು ತಲೆಮಾರಿನಲ್ಲಿ ಕಾಣೆಯಾದವು. ಅವುಗಳಿಗಾಗಿ ಅಳುವ ಕಾರಣವಿಲ್ಲ, ಅವುಗಳ ಕೆಲಸ ಮುಗಿದಿತ್ತು.

ಒಡಪಿನದು ಬೇರೆ ಕಥೆ. ಸರ್ವಜ್ಞನ ಹೆಸರಿನ ತ್ರಿಪದಿಗಳಲ್ಲಿ ಒಗಟುಗಳದ್ದೇ ಒಂದು ದೊಡ್ಡ ಗುಂಪು. ಅವನ ಊರೆಂದು ಹೇಳುವ ಅಬಲೂರು, ಮಾಸೂರುಗಳು ಇದೇ ಜಿಲ್ಲೆಯವು. 1819ರಲ್ಲಿ ಹುಟ್ಟಿದ ಶಿಶುನಾಳದ ಶರೀಫರು ಮುಲ್ಕಿ ಮುಗಿಸಿ ಸುತ್ತಲ ಹಳ್ಳಿಗಳಲ್ಲಿ ಕೆಲಕಾಲ ಮಾಸ್ತರಿಕೆ ಮಾಡಿದವರು. ಅವರ ಬೆಡಗಿನ ಪದಗಳಲ್ಲಿ ಮನೆಯ ಕೋಳಿ, ಒನಕೆ, ಬೀಸುಕಲ್ಲುಗಳೇ ತಲೆಕೆಳಗಾಗಿ ನಿಂತು ಅರ್ಥ ಕೇಳುತ್ತವೆ. ಮಕ್ಕಳ ಒಡಪಿನ ತರ್ಕವೂ ಇದೇ: ಕಣ್ಣೆದುರಿನ ವಸ್ತುವನ್ನು ಅದರ ಹೆಸರಿನಿಂದ ಬಿಡಿಸಿ ನೋಡುವುದು.

ಅಕ್ಷರ ಮನೆಯೊಳಕ್ಕೆ ನಿಜವಾಗಿ ಕಾಲಿಟ್ಟದ್ದು ಇಪ್ಪತ್ತನೆಯ ಶತಮಾನದ ಆರಂಭಕ್ಕೆ. ಇಲ್ಲಿ ಗಳಗನಾಥರ ಹೆಸರು ಹೇಳದೆ ಮುಂದೆ ಹೋಗಲಾಗದು. ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿ (1869–1942) ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಹಾವೇರಿ ಸಮೀಪದ ಅಗಡಿ ಆನಂದವನದಿಂದ 1907ರಲ್ಲಿ ಹೊರಟ 'ಸದ್ಬೋಧ ಚಂದ್ರಿಕೆ'ಗೆ ಬರೆದರು, ಕಾದಂಬರಿಗಳನ್ನು ಬರೆದು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಓದು ಬಲ್ಲ ಒಬ್ಬರು ಗಟ್ಟಿಯಾಗಿ ಓದಿದರೆ ಇಡೀ ಮನೆ ಕೇಳುತ್ತಿದ್ದ ಕಾಲ. ಕಂದೀಲಿನ ಸುತ್ತ ಕೂತ ಮಕ್ಕಳಿಗೆ ಅಚ್ಚಾದ ಕನ್ನಡದ ಮೊದಲ ರುಚಿ ಸಿಕ್ಕಿದ್ದು ಎಷ್ಟೋ ಮನೆಗಳಲ್ಲಿ ಹೀಗೆ.

ಇಷ್ಟು ಹೇಳಿದ ಮೇಲೆ ಹೇಳಲೇಬೇಕಾದ ಇನ್ನೊಂದು ಇತಿಹಾಸವಿದೆ. ಮನೆಯಲ್ಲಿ ಆಟ ಎಲ್ಲಿ ಮುಗಿಯುತ್ತದೆ, ಕೆಲಸ ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯನ್ನು ಬಡ ಮನೆಯಲ್ಲಿ ಯಾರೂ ಎಳೆದವರಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಕಡ್ಡಿ, ಡಬ್ಬಿ ತಳಿಗಳನ್ನು, ಕೆಂಪನ್ನು, ಬಿಳಿಚಿದ್ದನ್ನು ಬೇರೆ ಮಾಡುವುದು ಎಂಥ ಒಳ್ಳೆಯ 'ವಿಂಗಡಣೆಯ ಚಟುವಟಿಕೆ'! ಆದರೆ ತೊಟ್ಟು ಬಿಡಿಸುವುದಕ್ಕೆ ಕೂಲಿ ಸಿಗುವುದು ತೂಕದ ಮೇಲೆ, ಖಾರ ಹತ್ತಿದ ಬೆರಳು ಕಣ್ಣಿಗೆ ತಗಲಿದರೆ ಮಗು ರಾತ್ರಿಯಿಡೀ ಅಳುತ್ತದೆ.

ರಾಣೆಬೆನ್ನೂರಿನ ಕಡೆ ಇದಕ್ಕಿಂತ ದೊಡ್ಡದು ನಡೆಯಿತು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು 'ವರಲಕ್ಷ್ಮಿ' ಎಂಬ ಮಿಶ್ರತಳಿ ಹತ್ತಿಯನ್ನು ಬಿಡುಗಡೆ ಮಾಡಿದರು. ರೈತರ ಬದುಕನ್ನು ಬದಲಿಸಿದ ತಳಿ ಅದು. ಆದರೆ ಮಿಶ್ರತಳಿಯ ಬೀಜವನ್ನು ಪ್ರತಿ ಬೆಳೆಗೂ ಹೊಸದಾಗಿ ಮಾಡಬೇಕು, ಒಂದೊಂದು ಹೂವಿಗೂ ಕೈ ಹಾಕಿ. ಸಂಜೆ ಮೊಗ್ಗು ಬಿಡಿಸಿ ಗಂಡು ಭಾಗ ತೆಗೆಯುವುದು, ಮರುದಿನ ಬೆಳಗ್ಗೆ ಬೇರೆ ಗಿಡದ ಹೂ ತಂದು ಪರಾಗ ಸವರುವುದು. ಬಿಸಿಲೇರಿದರೆ ಕೆಲಸ ಕೆಟ್ಟಿತು. ಇದಕ್ಕೆ ನಾಜೂಕು ಬೆರಳು ಬೇಕು ಎಂದರು; ನಾಜೂಕು ಬೆರಳು, ಅಗ್ಗದ ಕೂಲಿ ಎರಡೂ ಇದ್ದದ್ದು ಹುಡುಗಿಯರಲ್ಲಿ. ಹತ್ತಿಬೀಜದ ಹೊಲಗಳಲ್ಲಿ ಮಕ್ಕಳ ದುಡಿಮೆ ಕರ್ನಾಟಕ, ಆಂಧ್ರ, ಗುಜರಾತುಗಳಲ್ಲೆಲ್ಲ ಹರಡಿತು. ಆಣೆಕಲ್ಲು ಆಡಿ, ರಂಗೋಲಿಯ ಚುಕ್ಕಿ ಇಟ್ಟು ಪಳಗಿದ ಅದೇ ಕೈಗಳು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದು ಹದಿನಾಲ್ಕರೊಳಗಿನ ಮಕ್ಕಳ ದುಡಿಮೆ ಪೂರ್ತಿ ನಿಷೇಧವಾಯಿತು. ಆದರೂ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಸ್ವಂತ ಕುಟುಂಬಕ್ಕೆ ನೆರವಾಗಬಹುದು ಎಂಬ ಬಾಗಿಲೊಂದು ತೆರೆದೇ ಉಳಿದಿದೆ. ಆ ಬಾಗಿಲಾಚೆ ಇರುವುದು ಆಟವೋ ಕಲಿಕೆಯೋ ಕೂಲಿಯೋ ಎಂದು ನೋಡಲು ಯಾವ ಇನ್‌ಸ್ಪೆಕ್ಟರೂ ಪಡಸಾಲೆಗೆ ಬರುವುದಿಲ್ಲ.

ಆದ್ದರಿಂದ ಎಳೆಯರ ಕಲಿಕೆಯನ್ನು ಮನೆಯಿಂದ ಹೊರಗೆ ತಂದದ್ದನ್ನು ನಾನು ನಷ್ಟವೆನ್ನಲಾರೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಆಯ್ಕೆಯಾದದ್ದು ತಿ. ನರಸೀಪುರ. 1995ರಲ್ಲಿ ಹೆಗ್ಗಡದೇವನಕೋಟೆಯ ಮಾಸ್ತರರು ರಿಷಿವ್ಯಾಲಿಯ ಪ್ರಯೋಗ ನೋಡಿ ಬಂದು 'ನಲಿ-ಕಲಿ' ಕಟ್ಟಿದರು. ಕಾರ್ಡು, ಬೀಜ, ಹಾಡು, ಆಟ ಸರ್ಕಾರಿ ಶಾಲೆಯ ಒಳಗೆ ಬಂದವು. ಬಳ್ಳಾರಿಯ ಆ ಅರವತ್ತರ ಪಕ್ಕದಲ್ಲಿಟ್ಟು ನೋಡಿದರೆ, ಇಂದು ಹಾವೇರಿಯ ಯಾವುದೇ ಸರ್ಕಾರಿ ಶಾಲೆಯ ಒಂದನೆಯ ತರಗತಿ ಒಂದು ಕ್ರಾಂತಿಯೇ. ಅಲ್ಲಿ ಹುಡುಗ ಹುಡುಗಿಯರು ಒಂದೇ ಚಾಪೆಯ ಮೇಲೆ ಕೂತು ಹುಣಸೆಬೀಜ ಎಣಿಸುತ್ತಾರೆ.

ಮಣ್ಣೆತ್ತಿನ ಅಮಾವಾಸ್ಯೆಯ ಮುಂಚಿನ ದಿನಗಳಲ್ಲಿ ಈಗ ಪೇಟೆಯಲ್ಲಿ ಕುಂಬಾರರು ಮಾಡಿದ ಎತ್ತುಗಳು ಮಾರಾಟಕ್ಕಿರುತ್ತವೆ, ಬಣ್ಣ ಬಳಿದವು, ಜೋಡಿಯ ಲೆಕ್ಕದಲ್ಲಿ. ಅವು ಸಮನಾಗಿರುತ್ತವೆ, ಕೊಂಬೂ ಗಟ್ಟಿಯಾಗಿರುತ್ತವೆ. ಕೊಂಡುತಂದು ಜಗಲಿಯ ಮೇಲಿಟ್ಟ ಜೋಡಿಯ ಪಕ್ಕದಲ್ಲಿ ಕೆಲವು ಮನೆಗಳಲ್ಲಿ ಇನ್ನೊಂದು ಎತ್ತೂ ಕಾಣುತ್ತದೆ: ಬಣ್ಣವಿಲ್ಲದ್ದು, ಒಂದು ಕಾಲು ಗಿಡ್ಡ, ಬಾಲ ಅರ್ಧ ಬಿರಿದದ್ದು. ಪೂಜೆಗೆ ಕುಂಕುಮ ಅದಕ್ಕೂ ಹಚ್ಚುತ್ತಾರೆ.