ನರಸಮ್ಮನ ಕೈ, ನರ್ಸಮ್ಮನ ಬಿಪಿ ಮಷೀನು

ಹೋದ ವರ್ಷ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಸೂಲಗಿತ್ತಿ ನರಸಮ್ಮನವರ ಫೋಟೊ, ಅದರ ಕೆಳಗೆ ಒಂದಿಷ್ಟು ಬರಹ. ಸ್ಕ್ಯಾನಿಂಗ್ ಇಲ್ಲ, ಸಿಸೇರಿಯನ್ ಇಲ್ಲ, 15,000 ನಾರ್ಮಲ್ ಡೆಲಿವರಿ, ಇವತ್ತಿನ ಆಸ್ಪತ್ರೆಗಳೆಲ್ಲ ಬರೀ ಲೂಟಿ ಅಂತ. ಲೈಕ್ ಒತ್ತಿದವರಲ್ಲಿ ಮುಕ್ಕಾಲು ಜನ ಬೆಂಗಳೂರಿನ ನರ್ಸಿಂಗ್ ಹೋಮುಗಳಲ್ಲಿ ಹುಟ್ಟಿದವರು. ನಾನು ಹುಟ್ಟಿದ್ದು ಮಧುಗಿರಿ ತಾಲೂಕಿನ ಒಂದು ಹಳ್ಳಿಯ ನಡುಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲೇ. ಅಲ್ಲೇ ಉತ್ತರ ಟೈಪ್ ಮಾಡೋಕೆ ಹೋಗಿ ಉದ್ದ ಆಯ್ತು ಅಂತ ಅಳಿಸಿದೆ. ಅದನ್ನೇ ಇಲ್ಲಿ ಬರೀತಿದೀನಿ.

ನರಸಮ್ಮನವರು ಹುಟ್ಟಿದ್ದು 1920ರಲ್ಲಿ. ಊರು ಪಾವಗಡ ತಾಲೂಕಿನ ಕೃಷ್ಣಾಪುರ. ಮ್ಯಾಪ್ ನೋಡಿದರೆ ಪಾವಗಡ ಆಂಧ್ರದ ಮಡಿಲಲ್ಲಿ ಕೂತ ಹಾಗಿದೆ. ಅಲ್ಲಿಂದ ಮಧುಗಿರಿ, ಕೊರಟಗೆರೆ ದಾಟಿ ತುಮಕೂರು ಮುಟ್ಟೋಕೆ ಹೆಚ್ಚುಕಮ್ಮಿ ನೂರು ಕಿಲೋಮೀಟರ್. ಅವರಿಗೆ ಹನ್ನೆರಡು ವರ್ಷಕ್ಕೇ ಮದುವೆ. ಹೆರಿಗೆ ಮಾಡಿಸೋದನ್ನು ಅಜ್ಜಿ ಮರಿಗೆಮ್ಮನಿಂದ ಕಲಿತರು. ಮೊದಲ ಹೆರಿಗೆ ಮಾಡಿಸಿದ್ದು 1940ರಲ್ಲಿ, ಇಪ್ಪತ್ತರ ವಯಸ್ಸಲ್ಲಿ, ಮನೆಯವರದೇ. ಊರಿಗೆ ಬಂದು ಹೋಗುತ್ತಿದ್ದ ಅಲೆಮಾರಿಗಳಿಂದ ನಾಟಿ ಔಷಧಿ ತಿಳಿದುಕೊಂಡರು. ಅಕ್ಷರ ಕಲಿತವರಲ್ಲ. ಆದರೆ ಹೊಟ್ಟೆ ಮುಟ್ಟಿ ಕೂಸಿನ ತಲೆ ಎಲ್ಲಿದೆ, ನಾಡಿ ಹೇಗಿದೆ ಅಂತ ಹೇಳೋರು. ಹೆರಿಗೆ ಮಾಡಿಸಿದ್ದಕ್ಕೆ ದುಡ್ಡು ಕೇಳಿದವರಲ್ಲ. ಎಪ್ಪತ್ತು ವರ್ಷದಲ್ಲಿ 15,000 ಅಂದರೆ ವಾರಕ್ಕೆ ನಾಲ್ಕು ಹೆರಿಗೆ ಬಿತ್ತು. ತಿಂಗಳಿಗೆ ಒಂದು ವಾರ ಆನ್‌ಕಾಲ್ ಹಾಕಿದರೇ ಗೊಣಗುವ ನಮ್ಮಂಥವರು ಈ ಲೆಕ್ಕ ನೋಡಬೇಕು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು.

ಇಷ್ಟು ನಮಗೆಲ್ಲ ಗೊತ್ತು. ಆ ಫಾರ್ವರ್ಡ್ ಬಿಟ್ಟುಬಿಟ್ಟಿದ್ದು ಬೇರೆ ಇದೆ. ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆ ಶುರುವಾಗಿದ್ದು 1935ರಲ್ಲಿ. ನರಸಮ್ಮ ಮೊದಲ ಕೂಸನ್ನು ಕೈಗೆತ್ತಿಕೊಂಡಾಗ ಅದಿತ್ತು. ಆದರೆ ಕೃಷ್ಣಾಪುರದ ಬಸುರಿಗೆ ಅದು ಇದ್ದೂ ಇಲ್ಲದ ಹಾಗೆ. 1946ರ ಭೋರ್ ಸಮಿತಿ ವರದಿ ಪ್ರಕಾರ ಆಗ ಭಾರತದಲ್ಲಿ ಸಾವಿರ ಹೆರಿಗೆಗೆ ಸುಮಾರು ಇಪ್ಪತ್ತು ತಾಯಂದಿರು ಸಾಯುತ್ತಿದ್ದರು. ಆಸ್ಪತ್ರೆಯನ್ನು ಬೇಡ ಅಂತ ಬಿಟ್ಟು ಯಾರೂ ಸೂಲಗಿತ್ತಿಯನ್ನು ಕರೆಯಲಿಲ್ಲ, ಇದ್ದದ್ದೇ ಅವಳು. ಸ್ವತಃ ನರಸಮ್ಮನವರು ಹೆತ್ತ ಹನ್ನೆರಡು ಮಕ್ಕಳಲ್ಲಿ ನಾಲ್ಕು ಸಣ್ಣ ವಯಸ್ಸಿನಲ್ಲೇ ಹೋದವು.

ನಮ್ಮ ಮನೆಯಲ್ಲೂ ಒಂದು ಲೆಕ್ಕ ಇದೆ. ಅಪ್ಪನ ಅಕ್ಕ, ನಾನು ನೋಡದ ಅತ್ತೆ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. 1974ರ ಬೇಸಿಗೆ. ಕಾಲು, ಮುಖ ಊದಿಕೊಂಡಿತ್ತು. 'ಬಸುರಿ ಅಂದ್ಮೇಲೆ ಊದ್ಕತದೆ' ಅಂದರು. ಎರಡು ದಿನ ತಲೆನೋವು ತಲೆನೋವು ಅಂದಳು, ಕಣ್ಣು ಮಂಜಾಗ್ತದೆ ಅಂದಳು. ಮೂರನೇ ದಿನ ಫಿಟ್ಸ್ ಬಂತು. ಗಾಳಿ ಸೋಕಿದೆ ಅಂತ ಪಕ್ಕದೂರಿಂದ ಮಂತ್ರ ಹಾಕೋನನ್ನ ಕರೆಸಿದರು. ಸಂಜೆ ಗಾಡಿ ಕಟ್ಟಿ ಮಧುಗಿರಿಗೆ ಹೊರಟರೆ ದಾರಿಯಲ್ಲೇ ಮುಗಿಯಿತು. ನಮ್ಮಜ್ಜಿ ಇದನ್ನು ಹೇಳುವಾಗಲೆಲ್ಲ ಒಂದು ಮಾತು ಸೇರಿಸ್ತಾರೆ: 'ಆ ಸೂಲಗಿತ್ತಿದೇನೂ ತಪ್ಪಿಲ್ಲ ಕಣಪ್ಪ. ಕೂಸು ನೆಟ್ಟಗೈತೆ ಅಂದ್ಲು. ನೆಟ್ಟಗೇ ಇತ್ತು.'

ಆಕೆಯ ಕೈ ಸುಳ್ಳು ಹೇಳಿರಲಿಲ್ಲ. ಕೂಸು ಅಡ್ಡ ತಿರುಗಿದೆಯಾ ಅನ್ನೋದು ಬೆರಳಿಗೆ ಸಿಗುತ್ತದೆ. ರಕ್ತದೊತ್ತಡ ಎಷ್ಟಿದೆ ಅನ್ನೋದು ಎಂಥ ಬೆರಳಿಗೂ ಸಿಗೋದಿಲ್ಲ. ಐದು ತಿಂಗಳಾದ ಮೇಲೆ ಬಿಪಿ 140/90 ಮುಟ್ಟಿದರೆ ಡಾಕ್ಟರು ಎಚ್ಚರವಾಗೋದು ಇದಕ್ಕೇ. ಬಿಡದ ತಲೆನೋವು, ಕಣ್ಣು ಮಂಜು, ಮುಖ ಕೈ ಊತ, ಎದೆಗೂಡಿನ ಕೆಳಗೆ ನೋವು, ಇದರಲ್ಲಿ ಒಂದು ಕಂಡರೂ ಮುಂದಿನ ಅಪಾಯಿಂಟ್‌ಮೆಂಟಿನವರೆಗೆ ಕಾಯಬೇಡಿ, ಅವತ್ತೇ ಹೋಗಿ. ಫಿಟ್ಸ್ ಬಂದರೂ ಈಗ ಮೆಗ್ನೀಷಿಯಂ ಸಲ್ಫೇಟ್ ಅಂತ ಒಂದು ಇಂಜೆಕ್ಷನ್ ಇದೆ. ಅಗ್ಗದ ಔಷಧಿ. ಬೇರೆ ಔಷಧಿಗಳಿಗಿಂತ ಅದೇ ಮೇಲು ಅಂತ ಹಲವು ದೇಶಗಳು ಸೇರಿ ಮಾಡಿದ ಪ್ರಯೋಗದಲ್ಲಿ ಸಾಬೀತಾಗಿದ್ದು 1995ರಲ್ಲಿ. ನಮ್ಮತ್ತೆ ಹೋಗಿ ಇಪ್ಪತ್ತೊಂದು ವರ್ಷ ಆಗಿತ್ತು.

ರಕ್ತಹೀನತೆಯೂ ಹೀಗೇ, ಕೈಗೆ ಸಿಗದ್ದು. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಬಸುರಿಗೆ ರಕ್ತ ಸಾಲದು ಅಂತ ಅರ್ಥ. ಅಂಥವಳಿಗೆ ಹೆರಿಗೆಯಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ತಡೆಯೋ ಶಕ್ತಿ ಇರಲ್ಲ. ನಮ್ಮೂರಲ್ಲಿ ನರ್ಸಮ್ಮ ಕೊಟ್ಟ ಕಬ್ಬಿಣದ ಮಾತ್ರೆ ಹಿತ್ತಲಿನ ತಿಪ್ಪೆಗೆ ಹೋಗೋದನ್ನು ನಾನೇ ನೋಡಿದೀನಿ. ಮಲ ಕಪ್ಪಗಾಗ್ತದೆ, ಕೂಸೂ ಕಪ್ಪಗಾಗ್ತದೆ ಅನ್ನೋ ಭಯ. ಇನ್ನೊಂದು ತಮಾಷೆ ನೋಡಿ, ಎಮ್ಮೆ ಕರು ಹಾಕಿದರೆ ಗಿಣ್ಣಕ್ಕೆ ಮನೆಮಂದಿಯೆಲ್ಲ ಕಾಯೋರು, ಬಾಣಂತಿಯ ಮೊದಲ ಹಳದಿ ಹಾಲನ್ನು ಮಾತ್ರ ಹಿಂಡಿ ಚೆಲ್ಲೋರು. ಆ ಹಾಲೇ ಕೂಸಿನ ಮೊದಲ ರಕ್ಷಣೆ.

ಶಿರಾ, ಮಧುಗಿರಿ ಕಡೆಯ ಎಷ್ಟೋ ಗೊಲ್ಲರಹಟ್ಟಿಗಳಲ್ಲಿ ಸೂತಕ ಅಂತ ಬಾಣಂತಿ, ಕೂಸು ಇಬ್ಬರನ್ನೂ ಊರಾಚೆಯ ಗುಡಿಸಲಲ್ಲಿ ಇಡ್ತಿದ್ದರು. 'ಇಡ್ತಿದ್ದರು' ಅಂತ ನಿಶ್ಚಿಂತೆಯಿಂದ ಬರೆಯೋ ಹಾಗೂ ಇಲ್ಲ. 2023ರ ಜುಲೈನಲ್ಲಿ ತುಮಕೂರು ತಾಲೂಕಿನ ಒಂದು ಹಟ್ಟಿಯಲ್ಲಿ ಹೀಗೆ ಹೊರಗಿದ್ದ ಎಳೆಗೂಸು ಮಳೆ ಚಳಿಗೆ ಸಿಕ್ಕಿ ತೀರಿಕೊಂಡಿತು. ಇದನ್ನು ಅಪರಾಧ ಮಾಡಿದ ರಾಜ್ಯದ ಕಾಯಿದೆ ಬಂದದ್ದು 2017ರಲ್ಲಿ. ಹಳೇ ಕಾಲದ ಹೆರಿಗೆ ಅಂತ ಕಣ್ಣರಳಿಸುವಾಗ ಈ ಗುಡಿಸಲನ್ನೂ ಫೋಟೊದೊಳಗೆ ಸೇರಿಸಿಕೊಳ್ಳಬೇಕು.

2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಶಾ ಕಾರ್ಯಕರ್ತೆಯರು ಬಂದರು. 2008ರ ರಾಜ್ಯೋತ್ಸವದ ದಿನ 108 ಆಂಬ್ಯುಲೆನ್ಸ್ ಬಂತು. ಕರ್ನಾಟಕದಲ್ಲಿ ಲಕ್ಷ ಹೆರಿಗೆಗೆ 228 ಇದ್ದ ತಾಯಂದಿರ ಸಾವು (2001-03), 2018-20ರ ಹೊತ್ತಿಗೆ 69ಕ್ಕೆ ಇಳಿಯಿತು. ನಮ್ಮ ಕಾಲದ ದೊಡ್ಡ ಸುದ್ದಿ ಇದು, ಯಾರೂ ಫಾರ್ವರ್ಡ್ ಮಾಡಲ್ಲ.

ಹಾಗಂತ ಆಸ್ಪತ್ರೆ ಗೆದ್ದಿತು ಅಂತ ಮುಗಿಸೋಕೂ ಮನಸ್ಸಾಗಲ್ಲ. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ತುಂಬು ಬಸುರಿಯೊಬ್ಬಳನ್ನು ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಅಂತ ವಾಪಸ್ ಕಳಿಸಿದರು. ಮರುದಿನ ಮನೆಯಲ್ಲೇ ಹೆರಿಗೆಯಾಗಿ ಅವಳೂ ಹೋದಳು, ಅವಳಿ ಕೂಸುಗಳೂ ಹೋದವು. ಮಧ್ಯರಾತ್ರಿ ಬಾಗಿಲು ತಟ್ಟಿದವರನ್ನು ನರಸಮ್ಮ ಯಾವ ಕಾರ್ಡೂ ಕೇಳಿರಲಾರರು.

ನನ್ನ ಹೆಂಡತಿಗೆ 34ನೇ ವಾರದ ಚೆಕಪ್‌ನಲ್ಲಿ ಬಿಪಿ 150/100 ಬಂತು. ಅವಳಿಗೆ ತಲೆನೋವೂ ಇರಲಿಲ್ಲ, ಏನೂ ಇರಲಿಲ್ಲ. ಡಾಕ್ಟರು ಅವತ್ತೇ ಅಡ್ಮಿಟ್ ಮಾಡಿಕೊಂಡರು, ಮಾತ್ರೆ ಶುರುಮಾಡಿದರು, 37ನೇ ವಾರಕ್ಕೆ ನೋವು ಬರಿಸಿ ಹೆರಿಗೆ ಮಾಡಿಸಿದರು. ತಾಯಿ, ಮಗಳು ಇಬ್ಬರೂ ಚೆನ್ನಾಗಿದಾರೆ. ನಮ್ಮತ್ತೆಗೆ ಸಿಗದ್ದು ಇವಳಿಗೆ ಸಿಕ್ಕಿತು. ಆದರೆ ಹದಿನಾಲ್ಕು ಗಂಟೆ ಅವಳು ಒಳಗೆ ಒಬ್ಬಳೇ ಇದ್ದಳು. ನಾನು, ನಮ್ಮತ್ತೆಮ್ಮ ಗಾಜಿನ ಬಾಗಿಲ ಆಚೆ. ನರ್ಸು ಗಂಟೆಗೊಮ್ಮೆ ಬಂದು ಮಾನಿಟರ್ ನೋಡಿಕೊಂಡು ಹೋಗೋರಂತೆ, ಇವಳ ಮುಖ ನೋಡದೆ. ಊರಿಗೆ ಹೋದಾಗ ಅಜ್ಜಿ ಕೇಳಿದ್ದು ಎರಡೇ: 'ಕೂಸು ಎಷ್ಟು ತೂಕ? ಬೆನ್ನು ನೀವಾಕೆ ಯಾರಿದ್ರು?' ಎರಡನೇದಕ್ಕೆ ನಾನು ಮಾತು ಬದಲಾಯಿಸಿದೆ.

ಹೆರಿಗೆ ಕೋಣೆಯಲ್ಲಿ ತಾಯಿಗೆ ಬೇಕಾದ ಒಬ್ಬರು ಜೊತೆಗಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ನರಸಮ್ಮ ತೀರಿಕೊಂಡ ಆ ಡಿಸೆಂಬರಿನಲ್ಲೇ ಕೇಂದ್ರ ಸರ್ಕಾರವೂ ತರಬೇತಾದ ಮಿಡ್‌ವೈಫ್‌ಗಳನ್ನು ತಯಾರು ಮಾಡುವ ಮಾರ್ಗಸೂಚಿ ಹೊರಡಿಸಿತು. ಬಿಪಿ ನೋಡೋಕೂ ಬರಬೇಕು, ಬೆನ್ನು ನೀವೋಕೂ ಗೊತ್ತಿರಬೇಕು, ಅಂಥವರನ್ನು. ಅವರು ನಿಮ್ಮ ಆಸ್ಪತ್ರೆಗೆ ಬರೋದು ಯಾವಾಗಲೋ. ಅಲ್ಲೀತನಕ, ಮನೆಯಲ್ಲಿ ಬಸುರಿ ಇದ್ದರೆ, ಆಸ್ಪತ್ರೆ ಆರಿಸುವಾಗ ಪ್ಯಾಕೇಜ್ ರೇಟಿನ ಜೊತೆ ಇದನ್ನೂ ಕೇಳಿ: ನೋವು ಶುರುವಾದ ಮೇಲೆ ಜೊತೆಗೆ ಒಬ್ಬರನ್ನು ಒಳಗೆ ಬಿಡ್ತೀರಾ? ನಾನು ಕೇಳಿರಲಿಲ್ಲ.